ಮನೆ ಬಿಡುವ ಗಳಿಗೆಯನ್ನು ಬಿಸಿಲಿರುವಾಗಲೇ ಗೊತ್ತು ಮಾಡಿಕೊಳ್ಳಿ

ಮಳೆಗಾಲದ ತಯಾರಿ ಅಂದ ಕೂಡಲೇ ಟಾರ್ಚು, ಮೇಣದಬತ್ತಿ, ಬ್ಯಾಗಿನ ಪಟ್ಟಿ ಶುರುವಾಗುತ್ತದೆ. ಅವೆಲ್ಲ ಬೇಕು. ಆದರೆ ಕೊಡಗು, ಮಲೆನಾಡು, ಕರಾವಳಿಯ ಗುಡ್ಡದ ಬುಡದಲ್ಲಿ ಇರುವವರಿಗೆ ಅದಕ್ಕಿಂತ ದೊಡ್ಡ ಕೆಲಸ ಒಂದಿದೆ. ಏನು ಕಂಡರೆ ಮನೆ ಬಿಡುವುದು, ಯಾವ ದಾರಿಯಲ್ಲಿ, ಯಾರ ಮನೆಗೆ ಅಂತ ಮೇ ತಿಂಗಳಲ್ಲೇ ಎಲ್ಲರೂ ಕೂತು ತೀರ್ಮಾನ ಮಾಡಬೇಕು. ಕರೆಂಟಿಲ್ಲದ ನಡುರಾತ್ರಿಯಲ್ಲಿ ಚರ್ಚೆಗೆ ಕೂತರೆ ‘ಇನ್ನೊಂದು ಗಂಟೆ ನೋಡೋಣ’ ಅನ್ನುವ ಮಾತೇ ಗೆಲ್ಲುತ್ತದೆ. ವಯನಾಡಿನ ಮುಂಡಕೈ, ಚೂರಲ್‌ಮಲೆಯಲ್ಲಿ 2024ರ ಜುಲೈ 30ರಂದು ಗುಡ್ಡ ಜರಿದದ್ದು ಜನ ಮಲಗಿದ್ದ ಹೊತ್ತಿನಲ್ಲೇ.

ಮನೆ ಇರುವ ಜಾಗವನ್ನು ಮೊದಲು ನೋಡಿ. ಗುಡ್ಡ ಕಡಿದು ಮಟ್ಟ ಮಾಡಿದ ಜಾಗದಲ್ಲಿ ಹಿಂದುಗಡೆ ನೇರ ಬರೆ ನಿಂತಿದೆಯೇ? (ಗುಡ್ಡ ಕಡಿದಾಗ ಉಳಿಯುವ ಮಣ್ಣಿನ ಗೋಡೆ. ಧರೆ ಅನ್ನುತ್ತಾರಲ್ಲ, ಅದೇ.) ಮೇಲಿನಿಂದ ಇಳಿಯುವ ಹಳ್ಳ ಅಂಗಳದ ಪಕ್ಕದಲ್ಲೇ ಇದೆಯೇ? ಎರಡೂ ಇಲ್ಲ, ನದಿಯ ನೆರೆಯೂ ತಲುಪುವುದಿಲ್ಲ ಎಂದಾದರೆ ಮನೆಯಲ್ಲಿ ಉಳಿಯುವುದೇ ಕ್ಷೇಮ. ಮರ ಬೀಳುವ, ರಸ್ತೆ ಕೊಚ್ಚಿ ಹೋಗುವ ಹೊತ್ತಿನಲ್ಲಿ ಸುಮ್ಮನೆ ಹೊರಟರೆ ಅಪಾಯ ಹೆಚ್ಚು. ಅಂಥ ಮನೆಗೆ ಐದು ದಿನದ ಲೆಕ್ಕ ಹಾಕಿ. ಕುಡಿಯಲು, ಅಡುಗೆಗೆ ತಲೆಗೆ ದಿನಕ್ಕೆ ನಾಲ್ಕು ಲೀಟರ್ ನೀರು, ಅಂದರೆ ನಾಲ್ವರಿಗೆ 80 ಲೀಟರ್. ಒಲೆ ಹಚ್ಚದೆ ತಿನ್ನಲು ಅವಲಕ್ಕಿ, ಹುರಿಹಿಟ್ಟು, ಬೆಲ್ಲ, ಬಾಳೆಹಣ್ಣು. ಜನರೇಟರಿನ ಡೀಸೆಲ್ ಮುಗಿದರೆ ಮೊಬೈಲ್ ಟವರೂ ನಿಲ್ಲುತ್ತದೆ. ಆದ್ದರಿಂದ ‘ನಾವು ಇಲ್ಲೇ ಇರುತ್ತೇವೆ’ ಅಂತ ದೂರದೂರಿನ ಒಬ್ಬ ನೆಂಟರಿಗೆ ಮುಂಚೆಯೇ ಹೇಳಿಡಿ. ಕರೆ ಹೋಗದಿದ್ದಾಗಲೂ ಎಸ್ಸೆಮ್ಮೆಸ್ ಹೋಗುವುದುಂಟು.

ಬರೆಯ ಕೆಳಗಿನ ಮನೆಯ ಮಾತೇ ಬೇರೆ. ದಿನಗಟ್ಟಲೆ ಸುರಿದ ಮಳೆಯಲ್ಲಿ ಮಣ್ಣು ನೀರು ಕುಡಿದು ತೂಕ ಏರುತ್ತದೆ, ಒಳಗಿನ ನೀರಿನ ಒತ್ತಡಕ್ಕೆ ಮಣ್ಣಿನ ಹಿಡಿತ ಸಡಿಲಾಗುತ್ತದೆ. ಆಮೇಲೆ ಬರುವ ಒಂದು ಜೋರು ಮಳೆ ಸಾಕು. ಹಾಗಾಗಿ ಇವತ್ತಿನ ಮಳೆಯೊಂದನ್ನೇ ನೋಡಬೇಡಿ, ವಾರದ ಒಟ್ಟು ಲೆಕ್ಕ ಬರೆದಿಡಿ. ತಳದಿಂದ ಬಾಯಿವರೆಗೆ ಒಂದೇ ಅಗಲ ಇರುವ ಸ್ಟೀಲ್ ಡಬ್ಬಿಯನ್ನು ಬಯಲಲ್ಲಿ ಇಟ್ಟು, ಬೆಳಿಗ್ಗೆ ಸ್ಕೇಲ್ ಇಳಿಸಿ ಅಳೆದರೆ ಮಿಲಿಮೀಟರ್ ಸಿಕ್ಕಿತು. ಬಕೆಟ್ ಬೇಡ, ಅದರ ಬಾಯಿ ಅಗಲ, ಲೆಕ್ಕ ತಪ್ಪುತ್ತದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 115.6 ಮಿ.ಮೀ. ಮುಟ್ಟಿದರೆ ಅತಿ ಭಾರಿ ಮಳೆ. 204.4 ದಾಟಿದರೆ ಅದಕ್ಕೂ ಮೇಲಿನ, ಕೊನೆಯ ಹಂತ.

ಅಳತೆಗಿಂತ ದೊಡ್ಡ ಸಾಕ್ಷಿ ನೆಲವೇ ಹೇಳುತ್ತದೆ. ಗುಡ್ಡದ ಮೇಲೆ ಹೊಸ ಬಿರುಕು, ವಾಲಿದ ಮರ ಅಥವಾ ಕರೆಂಟು ಕಂಬ, ಇದ್ದಕ್ಕಿದ್ದಂತೆ ಬಿಗಿಯಾದ ಬಾಗಿಲು, ಇಲ್ಲದ ಕಡೆ ಎದ್ದ ಒರತೆ, ತಿಳಿಯಾಗಿದ್ದ ನೀರು ಕೆಂಪಾಗುವುದು. ಇವುಗಳಲ್ಲಿ ಒಂದು ಕಂಡರೂ ಹೊರಡಿ. ಜೋರು ಮಳೆಯಲ್ಲೇ ಹಳ್ಳದ ನೀರು ದಿಢೀರನೆ ಇಳಿದರೆ ಖುಷಿಪಡಬೇಡಿ. ಮೇಲೆಲ್ಲೋ ಮಣ್ಣು, ಮರ ಬಿದ್ದು ನೀರು ಕಟ್ಟಿರಬಹುದು, ಆ ಕಟ್ಟೆ ಒಡೆದರೆ ಎಲ್ಲವೂ ಒಟ್ಟಿಗೇ ಬರುತ್ತದೆ. ಬಿರುಕು ಸಣ್ಣದಿದ್ದು ಮಳೆ ಬಿಡುವು ಕೊಟ್ಟಿದ್ದರೆ ಹೊರಡುವ ಮೊದಲು ಅದಕ್ಕೆ ಟಾರ್ಪಾಲು ಹೊದೆಸಿ, ಮೇಲಿನ ನೀರನ್ನು ಪಕ್ಕಕ್ಕೆ ತಿರುಗಿಸಬಹುದು. ಬರೆಯ ಬುಡಕ್ಕೆ ಮಾತ್ರ ಗುದ್ದಲಿ ಹಾಕಲೇಬೇಡಿ. ತಡೆಗೋಡೆ ಇದ್ದವರು ಅದರಲ್ಲಿ ನೀರು ಬಸಿಯುವ ಪೈಪುಗಳನ್ನು ಜೂನ್‌ಗೆ ಮೊದಲೇ ಬಿಡಿಸಿಡಿ, ಅವು ಕಟ್ಟಿಕೊಂಡರೆ ಆ ಗೋಡೆಯೇ ಮನೆ ಮೇಲೆ ಬರುತ್ತದೆ.

ಹೊರಡುವುದು ಬೆಳಕಿರುವಾಗಲೇ ಆಗಬೇಕು. ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ. ಕೈ ಒಣಗಿದ್ದು, ಕಾಲ ಕೆಳಗೆ ನೀರಿಲ್ಲದಿದ್ದರೆ ಮಾತ್ರ ಮೇನ್ ಸ್ವಿಚ್ ಮುಟ್ಟಿ. ದನಗಳ ಹಗ್ಗ ಬಿಚ್ಚಿ ಕೊಟ್ಟಿಗೆ ಬಾಗಿಲು ತೆರೆದಿಡಿ, ಕಟ್ಟಿ ಹಾಕಿದ ದನಕ್ಕೆ ಬದುಕುವ ದಾರಿಯೇ ಇಲ್ಲ. ಬಿಪಿ, ಶುಗರ್ ಮಾತ್ರೆ 15 ದಿನಕ್ಕಾಗುವಷ್ಟು, ಪಹಣಿ, ಆಧಾರ್, ಪಾಸ್‌ಬುಕ್ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ. ಹಳ್ಳದ ಗುಂಟ ಕೆಳಕ್ಕೆ ಓಡಬೇಡಿ, ಮಣ್ಣು ಬರುವ ದಾರಿಯೇ ಅದು. ಅಡ್ಡಕ್ಕೆ ಸರಿದು ಎತ್ತರದ ದಿಣ್ಣೆ ಹತ್ತಿ. ಹೊಳೆಯಾಚೆ ಇದ್ದೇವೆ ಎಂಬ ಧೈರ್ಯವೂ ಬೇಡ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಕುಸಿದ ಮಣ್ಣು ಗಂಗಾವಳಿಗೆ ಬಿದ್ದಾಗ ಎದ್ದ ನೀರು ಎದುರು ದಡದ ಉಳುವರೆಯ ಮನೆಗಳಿಗೆ ಅಪ್ಪಳಿಸಿತು. ಸಹಾಯಕ್ಕೆ 112, ಜಿಲ್ಲಾ ನಿಯಂತ್ರಣ ಕೊಠಡಿಗೆ 1077. ಹತ್ತಿರದ ಕಾಳಜಿ ಕೇಂದ್ರ ಯಾವ ಶಾಲೆಯಲ್ಲಿ ತೆರೆಯುತ್ತಾರೆ ಎಂದು ಪಂಚಾಯಿತಿಯಲ್ಲಿ ಈಗಲೇ ಕೇಳಿಟ್ಟುಕೊಳ್ಳಿ. ರಾತ್ರಿಯಾಗಿ ಹೊರಡುವ ದಾರಿಯೇ ಇಲ್ಲದಿದ್ದರೆ ಬರೆಗೆ ಬೆನ್ನು ಹಾಕಿದ ಹಿಂಬದಿ ಕೋಣೆ ಬಿಟ್ಟು ಮುಂಬದಿಗೆ, ಮಹಡಿ ಇದ್ದರೆ ಮಹಡಿಗೆ ಹೋಗಿ. ಒಬ್ಬರು ಎಚ್ಚರ ಇರಲಿ.

ಮಳೆ ನಿಂತ ಮರುದಿನವೇ ವಾಪಸು ಬರಬೇಡಿ, ನೀರು ಬಸಿಯದ ಗುಡ್ಡ ಬಿಸಿಲಲ್ಲೂ ಜರಿಯುತ್ತದೆ. ಬಂದ ಮೇಲೆ ನೆರೆ ಹೊಕ್ಕ ಬಾವಿಯ ನೀರನ್ನು ತೋಡಿ ಹೊರಹಾಕಿ, ಹೊಸ ನೀರು ತಿಳಿಯಾಗಲು ಬಿಡಿ. ಕೆಸರಿನ ನೀರಿಗೆ ಬ್ಲೀಚಿಂಗ್ ಪುಡಿ ಹಾಕಿದರೆ ದಂಡ. ತಿಳಿಯಾದ ಸಾವಿರ ಲೀಟರಿಗೆ ಕನಿಷ್ಠ ಎರಡೂವರೆ ಗ್ರಾಂ ತಾಜಾ ಪುಡಿ ಬೇಕು. ಎರಡು ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್, ಅದಕ್ಕೆ 25 ಗ್ರಾಂ. ಬಕೆಟ್ಟಿನಲ್ಲಿ ಕಲಸಿ ಗಸಿ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಬಿಡಿ, ಕೊಡ ಇಳಿಸಿ ಎತ್ತಿ ಚೆನ್ನಾಗಿ ಕಲಕಿ, ಒಂದು ಗಂಟೆ ಬಿಡಿ. ಆಮೇಲೂ ಕೆಲವು ವಾರ ಕುದಿಸಿಯೇ ಕುಡಿಯಿರಿ.