ಸತ್ಯಾಂಶ: ಕಾಫಿ ತೋಟದ ಮನೆಯ ಬಾಡಿಗೆಗೆ ತೆರಿಗೆ ಇಲ್ಲವೇ?

‘ತೋಟದೊಳಗಿನ ಮನೆಯ ಬಾಡಿಗೆಯೂ ಕೃಷಿ ಆದಾಯವೇ, ಒಂದು ರೂಪಾಯಿ ತೆರಿಗೆಯೂ ಇಲ್ಲ’ ಎಂಬ ಸಂದೇಶ ಕೊಡಗಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದರಲ್ಲಿ ಅರ್ಧ ಮಾತ್ರ ನಿಜ, ತೊಂದರೆ ಇರುವುದೂ ಅಲ್ಲೇ.

ಬೆಳೆಗಾರ ತಾನೇ ವಾಸಿಸುವ, ಇಲ್ಲವೇ ಕಾಫಿ ಮೂಟೆ ಇಡುವ ತೋಟದ ಕಟ್ಟಡಕ್ಕೆ ಕಾನೂನು ಕೃಷಿಯ ನೆರಳು ಕೊಡುತ್ತದೆ, ಅಂದರೆ ಅದರ ಆದಾಯವನ್ನು ಕೃಷಿ ಆದಾಯವೆಂದೇ ಎಣಿಸುತ್ತದೆ. ಅದೇ ಮನೆಯನ್ನು ಬೇರೆಯವರ ವಾಸಕ್ಕೋ ವ್ಯಾಪಾರಕ್ಕೋ ಕೊಟ್ಟರೆ ಆ ಹಣ ಕೃಷಿ ಆದಾಯವಲ್ಲ. 2000ದ ಹಣಕಾಸು ಕಾಯ್ದೆ ಇದನ್ನು ಸ್ಪಷ್ಟವಾಗಿಯೇ ಬರೆದಿದೆ. ಕಿಟಕಿ ತೆರೆದರೆ ಕಣದಲ್ಲಿ ಚೆರಿ ಒಣಗುತ್ತಿರುವುದು ಕಂಡರೂ ಬಾಡಿಗೆ ಬಾಡಿಗೆಯೇ.

ಹಾಗೆಂದು ಗಾಬರಿ ಬೇಡ. ತಿಂಗಳಿಗೆ 20,000 ರೂಪಾಯಿಯಂತೆ ವರ್ಷಕ್ಕೆ 2,40,000 ಬಂತೆನ್ನಿ. ನೀವು ಕಟ್ಟಿದ ಮನೆ ಕಂದಾಯ 4,000 ಕಳೆದರೆ 2,36,000. ಅದರ ಶೇ 30, ಅಂದರೆ 70,800 ರೂಪಾಯಿಯನ್ನು ರಸೀದಿ ಕೇಳದೆಯೇ ಬಿಡುತ್ತಾರೆ; ಮಾಡು ರಿಪೇರಿ ಮಾಡಿಸಿದಿರೋ ಇಲ್ಲವೋ ಎಂಬುದು ಲೆಕ್ಕಕ್ಕಿಲ್ಲ. ಮನೆ ಸಾಲದ ಬಡ್ಡಿ 1,00,000 ಇದ್ದರೆ ಅದನ್ನೂ ಕಳೆಯಬಹುದು. ತೆರಿಗೆಯ ಲೆಕ್ಕಕ್ಕೆ ಉಳಿಯುವುದು 65,200. ಸಾಲದ ಅಸಲಿಗೆ ಮಾತ್ರ ಇಲ್ಲಿ ಜಾಗವಿಲ್ಲ. ಬಡ್ಡಿಯೇ ಹೆಚ್ಚಾಗಿ ನಷ್ಟವಾದರೆ, ಹೊಸ ತೆರಿಗೆ ಪದ್ಧತಿಯಲ್ಲಿ ಅದನ್ನು ಸಂಬಳದ ಆದಾಯದಿಂದ ಕಳೆಯಲಾಗದು.

ಊಟ, ಉಪಚಾರ ಸಹಿತ ಹೋಂಸ್ಟೇ ನಡೆಸುವವರದು ಸಾಮಾನ್ಯವಾಗಿ ವ್ಯಾಪಾರದ ಆದಾಯ. ಅವರಿಗೆ ಈ ಶೇ 30ರ ವಿನಾಯಿತಿ ಇಲ್ಲ, ಅಡುಗೆಯವರ ಸಂಬಳದಿಂದ ವಿದ್ಯುತ್ ಬಿಲ್ಲಿನವರೆಗೆ ನಿಜವಾದ ಖರ್ಚನ್ನು ತೋರಿಸಿ ಕಳೆಯಬಹುದು. ಚೀಟಿಗಳನ್ನು ಎತ್ತಿಡಿ.