ಸತ್ಯಾಂಶ: ಒಂದು ದಿನ ಉಪವಾಸ ತಪ್ಪಿದರೆ ದೇವರು ಕೈಬಿಡುತ್ತಾನಾ?

"ಲೆಂಟ್‌ನಲ್ಲಿ 40 ದಿನ ಬಿಡದೆ ಉಪವಾಸ ಮಾಡಿದರೆ ವರ್ಷದ ಪಾಪವೆಲ್ಲ ಹೋಗುತ್ತದೆ. ಒಂದು ದಿನ ತಪ್ಪಿದರೂ ದೇವರು ಕೈಬಿಡುತ್ತಾನೆ." ಈಸ್ಟರ್‌ಗೆ ಮುಂಚಿನ ಕ್ರೈಸ್ತರ ಉಪವಾಸ ಕಾಲವಾದ ಲೆಂಟ್ ಬಗ್ಗೆ ಹೀಗೊಂದು ಸಂದೇಶ ಮೊಬೈಲಿಂದ ಮೊಬೈಲಿಗೆ ಓಡಾಡುತ್ತದೆ. ಇದು ನಿಜವಲ್ಲ.

ಮೊದಲು ಲೆಕ್ಕ ನೋಡೋಣ. ಲೆಂಟ್ ಶುರುವಾಗುವ ವಿಭೂತಿ ಬುಧವಾರದಿಂದ ಈಸ್ಟರ್‌ನ ಹಿಂದಿನ ದಿನದವರೆಗೆ 46 ದಿನ. 6 ಭಾನುವಾರ ಕಳೆದರೆ 40. ಭಾನುವಾರ ಯೇಸುವಿನ ಪುನರುತ್ಥಾನದ ನೆನಪಿನ ದಿನ, ಅವತ್ತು ಉಪವಾಸ ಇಲ್ಲ. ಕಥೋಲಿಕ ಸಭೆಯ ಸಾಮಾನ್ಯ ನಿಯಮದಲ್ಲಿ ಕಡ್ಡಾಯ ಉಪವಾಸ ಎರಡೇ ದಿನ, ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. ಅದೂ 18ರಿಂದ 59 ವರ್ಷದವರಿಗೆ. ಕಾಯಿಲೆ ಇರುವವರಿಗೆ ವಿನಾಯಿತಿ ಇದೆ.

ನನಗೆ ಜಾಸ್ತಿ ನೋವಾಗುವುದು ದೇವರು ಕೈಬಿಡುತ್ತಾನೆ ಎಂಬ ಆ ಎರಡನೇ ಮಾತಿಗೆ. ಸುಮ್ನೆ ಎಷ್ಟು ಜನರನ್ನು ಹೆದರಿಸುತ್ತದೆ, ಅಲ್ವಾ? ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಯೇಸು ಹೇಳಿದ ಕಥೆ ನೆನಪಿಸಿಕೊಳ್ಳಿ. ಆಸ್ತಿಯೆಲ್ಲ ಹಾಳು ಮಾಡಿದ ಮಗ ಮನೆಗೆ ಹೊರಡುತ್ತಾನೆ. "ನನ್ನನ್ನು ಕೂಲಿಯವನಂತೆ ಇಟ್ಟುಕೋ" ಎನ್ನಬೇಕೆಂದು ಮಾತು ಜೋಡಿಸಿಕೊಂಡಿರುತ್ತಾನೆ. ಅವನಿನ್ನೂ ದೂರದಲ್ಲಿರುವಾಗಲೇ ತಂದೆ ಓಡಿಬಂದು ತಬ್ಬಿಕೊಳ್ಳುತ್ತಾನೆ. ಕೂಲಿಯ ಮಾತು ಬಾಯಿಗೆ ಬರುವ ಮೊದಲೇ ಒಳ್ಳೆಯ ಬಟ್ಟೆ ತರಿಸುತ್ತಾನೆ. ಪ್ರೀತಿ ಮೊದಲೇ ಇತ್ತು, ಸಂಪಾದಿಸಿದ್ದಲ್ಲ.

ಹಾಗಂತ ಪಾಪ ಸಣ್ಣ ವಿಷಯವಲ್ಲ. ಆ ಮಗನಿಗೂ ಮೊದಲು ತನ್ನ ಸ್ಥಿತಿ ಅರಿವಾಗಬೇಕಿತ್ತು, ಎದ್ದು ಹೊರಡಬೇಕಿತ್ತು. ಹಾಗೆ ನಮ್ಮೊಳಗೆ ನಾವು ನೋಡಿಕೊಳ್ಳಲು ಉಪವಾಸ ಬಿಡುವು ಮಾಡಿಕೊಡುತ್ತದೆ. ಪಶ್ಚಾತ್ತಾಪ ಪಡುವಾಗ ಬಟ್ಟೆಯನ್ನಲ್ಲ, ಹೃದಯವನ್ನು ಹರಿದುಕೊಳ್ಳಿ ಎನ್ನುತ್ತಾನೆ ಪ್ರವಾದಿ ಯೋವೇಲ. ಬೈಬಲಿನ ಯೆಶಾಯನ ಗ್ರಂಥದ 58ನೇ ಅಧ್ಯಾಯದಲ್ಲಿ ದೇವರು ಮೆಚ್ಚುವ ಉಪವಾಸದ ಮಾತಿದೆ: ಹಸಿದವರೊಂದಿಗೆ ಆಹಾರ ಹಂಚಿಕೊಳ್ಳುವುದು.