ಉಸಿರಾಡಿ ಎನ್ನುವ ಗಡಿಯಾರ

ಮಣಿಕಟ್ಟಿಗೆ ಕಟ್ಟಿದ ಗಡಿಯಾರವು ಗುಂಯ್ಗುಟ್ಟಿ 'ಈಗ ಒಂದು ನಿಮಿಷ ಉಸಿರಾಡಿ' ಎಂದು ಅಪ್ಪಣೆ ಕೊಡುವ ಕಾಲ ಬಂದಿದೆ. ಮಕ್ಕಳು ಅಕ್ಕರೆಯಿಂದ ತಂದುಕೊಟ್ಟದ್ದಾದ ಕಾರಣ ಬಿಚ್ಚಿಡುವಂತಿಲ್ಲ. ಅದು ಹೇಳುವ ಮುಂಚೆ ನಾನು ಮಾಡುತ್ತಿದ್ದುದಾದರೂ ಏನು ಎಂದು ಕೇಳಿದರೆ ಉತ್ತರವಿಲ್ಲ. ಮರ್ಯಾದೆಗೆಂದು ಉಸಿರಿನತ್ತ ಒಮ್ಮೆ ಗಮನ ಕೊಟ್ಟರೆ ಸಾಕು, ಅಲ್ಲಿಯವರೆಗೆ ತನ್ನ ಪಾಡಿಗೆ ನಡೆದಿದ್ದ ಕೆಲಸ ಕೆಟ್ಟು, ಎಳೆದುಕೊಂಡದ್ದು ಸಾಕಾಯಿತೇ, ಇನ್ನು ಬಿಡಬಹುದೇ ಎಂಬ ಗೊಂದಲ ಹತ್ತಿಕೊಳ್ಳುತ್ತದೆ. ಸಾಲದ್ದಕ್ಕೆ, ಬೆಳಗಿನ ಉದ್ಯಾನದಲ್ಲಿ ಪರಿಚಯವೇ ಇಲ್ಲದ ಹಿರಿಯರು ತಡೆದು ನಿಲ್ಲಿಸಿ, 'ನೀವು ಉಸಿರಾಡುವ ಕ್ರಮವೇ ತಪ್ಪು ಸ್ವಾಮಿ' ಎನ್ನುತ್ತಾರೆ. ಇಷ್ಟು ವರ್ಷ ಬದುಕಿರುವುದನ್ನು ಸಾಕ್ಷಿಯಾಗಿ ಒಪ್ಪಿಕೊಳ್ಳುವ ಸೌಜನ್ಯವೂ ಅವರಿಗಿಲ್ಲ.

ಈ ಉಸ್ತುವಾರಿ ಗಡಿಯಾರದ್ದೂ ಅಲ್ಲ, ಉದ್ಯಾನದ ಹಿರಿಯರದ್ದೂ ಅಲ್ಲ, ನಿಜ ಹೇಳಬೇಕೆಂದರೆ ನನ್ನದೂ ಅಲ್ಲ. 1811ರ ಸುಮಾರಿಗೆ ಪ್ಯಾರಿಸ್ಸಿನ ವೈದ್ಯ ಲೆಗಲ್ವಾ, ಮೊಲದ ಮಿದುಳನ್ನು ಮುಂದಿನಿಂದ ಹಿಂದಕ್ಕೆ ಹಂತಹಂತವಾಗಿ ಕತ್ತರಿಸುತ್ತ ಹೋದರೂ ಅದು ಉಸಿರಾಡುತ್ತಲೇ ಇರುವುದನ್ನೂ, ಕತ್ತಿ ಮಿದುಳುಕಾಂಡದ ಕೆಳಭಾಗವಾದ ಮೆಡುಲ್ಲಾವನ್ನು ಮುಟ್ಟಿದಾಗ ಮಾತ್ರ ಉಸಿರು ನಿಲ್ಲುವುದನ್ನೂ ತೋರಿಸಿದ್ದ. ಪಾಪ ಮೊಲ! ಆಲೋಚಿಸುವ, ಹಟಮಾಡುವ, ಸಲಹೆ ಕೊಡುವ ಮಿದುಳೆಲ್ಲ ಹೋದ ಮೇಲೂ ಅದರ ಉಸಿರಿಗೆ ಕುಂದು ಬರಲಿಲ್ಲ ಎಂಬುದನ್ನು ಸಲಹೆಗಾರರು ಗಮನಿಸಬೇಕು.

ಆ ಮೆಡುಲ್ಲಾದೊಳಗೆ ತಾಳ ಹಾಕುವ ಜಾಗಕ್ಕೆ ಹೆಸರು ಬಂದ ಬಗೆಯನ್ನು ಹೇಳದೆ ಮುಂದೆ ಹೋಗಲಾರೆ. 1978ರಲ್ಲಿ ಜರ್ಮನಿಯ ನೆಕ್ಕಾರ್ ನದಿಯ ದಂಡೆಯ ಹಿರ್ಷ್‌ಹಾರ್ನ್ ಎಂಬ ಊರಿನಲ್ಲಿ ಉಸಿರಾಟದ ವಿಜ್ಞಾನಿಗಳ ಸಭೆ ನಡೆಯಿತು. ಉಸಿರನ್ನು ಹೊರಬಿಡುವ ಹೊತ್ತಿನಲ್ಲಿ ಚುರುಕಾಗುವ ನರಕೋಶಗಳ ಗುಂಪೊಂದು ಆಗಷ್ಟೇ ಗಮನಕ್ಕೆ ಬಂದಿದ್ದು, ಅದಕ್ಕೆ ಇನ್ನೂ ಹೆಸರಿರಲಿಲ್ಲ. ಊಟದ ಮೇಜಿನ ಮೇಲಿದ್ದದ್ದು ಬಾಡೆನ್ ಸೀಮೆಯ ಬ್ಯೋಟ್ಸಿಂಗನ್ ಎಂಬ ಊರಿನ ವೈನ್. ಬೇರೆಯವರು ಹೆಸರಿಟ್ಟುಬಿಟ್ಟಾರೆಂಬ ಆತಂಕದಲ್ಲಿದ್ದ ಅಮೆರಿಕದ ಜ್ಯಾಕ್ ಫೆಲ್ಡ್‌ಮನ್, ಎದುರಿಗಿದ್ದ ಬಾಟಲಿಯ ಮೇಲಿನ 'ಬ್ಯೋಟ್ಸಿಂಗರ್' ಎಂಬ ಹೆಸರನ್ನೇ ಸೂಚಿಸಿಬಿಟ್ಟ, ಅದೇ ನಿಂತಿತು. ನಮ್ಮಲ್ಲಿ ಮಗುವಿಗೆ ಹೆಸರಿಡಲು ಪಂಚಾಂಗ ತೆಗೆದು, ನಕ್ಷತ್ರ ನೋಡಿ, ಸೋದರತ್ತೆಯ ಮುನಿಸನ್ನು ಇಳಿಸಿ, ಆಮೇಲೂ ಮನೆಯಲ್ಲಿ ಬೇರೆಯೇ ಹೆಸರಿನಿಂದ ಕರೆಯುವಷ್ಟು ವಿಧಿಯಿದೆ. ಅಲ್ಲಿ ಒಂದು ಬಾಟಲಿ ಸಾಕಾಯಿತು.

ಅನ್ಯಾಯ ಅಲ್ಲಿಗೇ ಮುಗಿಯಲಿಲ್ಲ. ಒಳಗೆಳೆಯುವ ಉಸಿರಿನ ತಾಳವನ್ನು ನಿಜವಾಗಿ ಹುಟ್ಟಿಸುವ ಜಾಗವು ಅದರ ಪಕ್ಕದಲ್ಲಿದೆಯೆಂದು 1991ರಲ್ಲಿ ಪ್ರಕಟವಾಯಿತು. ಆಗತಾನೆ ಹುಟ್ಟಿದ ಇಲಿಯ ಮಿದುಳುಕಾಂಡದಿಂದ ತೆಳ್ಳಗೆ ಸೀಳಿದ ತುಂಡೊಂದು, ಶ್ವಾಸಕೋಶವಿಲ್ಲದೆ, ಇಲಿಯೂ ಇಲ್ಲದೆ, ದ್ರವದ ತಟ್ಟೆಯಲ್ಲಿ ಬಿದ್ದುಕೊಂಡೇ ಉಸಿರಿನ ತಾಳವನ್ನು ಹಾಕುತ್ತಿತ್ತು. ಇಷ್ಟು ನಿಷ್ಠೆಯ ನೌಕರನಿಗೆ ಸ್ವಂತ ಹೆಸರಾದರೂ ಸಿಗಬೇಡವೇ? ನೆರೆಮನೆಯ ವೈನಿಗೆ 'ಪ್ರೀ' ಸೇರಿಸಿ 'ಪ್ರೀ-ಬ್ಯೋಟ್ಸಿಂಗರ್' ಎಂದರು. ಹೆಂಡದ ಹೆಸರನ್ನು ಬಾಯಿಯಲ್ಲೂ ಆಡದೆ, ಅರುಣೋದಯಕ್ಕೆದ್ದು ಪ್ರಾಣಾಯಾಮ ಮಾಡುತ್ತಿದ್ದ ನಮ್ಮ ಅಜ್ಜಂದಿರೆಲ್ಲ ತಲೆಯೊಳಗೆ ಇದನ್ನೇ ಇಟ್ಟುಕೊಂಡಿದ್ದರೆಂಬುದು ಅವರಿಗೆ ತಿಳಿಯದೆ ಹೋದದ್ದೇ ಒಳ್ಳೆಯದಾಯಿತು.

ಅಜ್ಜಂದಿರು ಉಸಿರನ್ನು ಹಿಡಿದು ನಿಲ್ಲಿಸುತ್ತಿದ್ದದ್ದು ನಿಜ. ಮೇಲಿನ ಮಿದುಳಿಗೆ ಅಷ್ಟರಮಟ್ಟಿನ ಅಧಿಕಾರವುಂಟು. ಆದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತಿದ್ದಂತೆ ಮೆಡುಲ್ಲಾದ ತಳಭಾಗದ ಕೋಶಗಳು ಅದನ್ನು ಗುರುತಿಸಿ ಒತ್ತಾಯ ಶುರುಮಾಡುತ್ತವೆ, ಮತ್ತು ಕೊನೆಗೆ ಗೆಲ್ಲುವುದು ಅವೇ. ಮಕ್ಕಳು ಹಟಕ್ಕೆ ಬಿದ್ದು ಉಸಿರು ಕಟ್ಟಿ ಹೆದರಿಸುವಾಗ ತಾಯಂದಿರು ಈ ಶಾಸ್ತ್ರವನ್ನು ನೆನೆದು ಧೈರ್ಯವಾಗಿರಬಹುದೇನೋ; ಯಾವ ತಾಯಿಯೂ ಇದ್ದದ್ದನ್ನು ನಾನು ಕಂಡಿಲ್ಲ.

ಗಮನ ಕೊಟ್ಟೊಡನೆ ಉಸಿರು ಏಕೆ ಕೆಡುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕೆಂದೇ ಹೊರಟಿದ್ದೆ. ಆದರೆ ಅದಕ್ಕಿಂತ ತುರ್ತಾದ ವಿಷಯ ನಿಟ್ಟುಸಿರಿನದು. ಶ್ವಾಸಕೋಶದ ಪುಟ್ಟ ಗಾಳಿಗೂಡುಗಳು ಆಗಾಗ ಕುಸಿಯುತ್ತವೆ. ಅವನ್ನು ಮತ್ತೆ ಉಬ್ಬಿಸಲೆಂದು ಮಿದುಳುಕಾಂಡವು ಗಂಟೆಗೆ ಹತ್ತುಹನ್ನೆರಡು ಬಾರಿ, ನಮ್ಮನ್ನು ಕೇಳದೆಯೇ, ಎರಡು ಉಸಿರಿನಷ್ಟು ದೊಡ್ಡದೊಂದನ್ನು ಎಳೆಸುತ್ತದೆ. 2016ರಲ್ಲಿ ಇಲಿಗಳ ಮಿದುಳಿನಲ್ಲಿ ಈ ಕೆಲಸದ ಕೋಶಗಳನ್ನು ಗುರುತಿಸಲಾಯಿತು. ಅವುಗಳ ಸಂದೇಶ ಪಡೆಯುವ ಕೋಶಗಳನ್ನು ನಾಶಪಡಿಸಿದಾಗ ಇಲಿಗಳು ಉಸಿರಾಡುತ್ತಿದ್ದವು, ನಿಟ್ಟುಸಿರು ಮಾತ್ರ ಬಿಡಲಿಲ್ಲ. ಇದು ಬರೀ ದುರಸ್ತಿ ಕಾರ್ಯ. ಆದರೂ ಮುಸ್ಸಂಜೆಯಲ್ಲಿ ಬಿಟ್ಟರೆ ಮನೆಗೆ ಒಳ್ಳೆಯದಲ್ಲವೆಂದು ನಮ್ಮಜ್ಜಿ ಗದರುತ್ತಿದ್ದಳು. ಈಗ ಯಾವ ಹೊತ್ತಿನಲ್ಲಿ ಬಿಟ್ಟರೂ ಹೆಂಡತಿ, 'ನಾನೇನು ಅಂದೆ ಈಗ?' ಎಂದು ಕೇಳುತ್ತಾಳೆ. ಗಾಳಿಗೂಡುಗಳ ವಿಚಾರವನ್ನು ವಿವರವಾಗಿ ತಿಳಿಸಿದೆ. ಪೂರ್ತಿ ಕೇಳಿಸಿಕೊಂಡು, ಆ ಗೂಡುಗಳು ತನ್ನ ತವರಿನವರು ಬಂದಾಗಲೇ ಏಕೆ ಹೆಚ್ಚು ಕುಸಿಯುತ್ತವೆ ಎಂದು ಆಕೆ ವಿಚಾರಿಸಿದಳು. ಇಲಿಗಳ ಮೇಲೆ ಅಂಥ ಪ್ರಯೋಗವನ್ನು ಯಾರೂ ಮಾಡಿದಂತಿಲ್ಲ.